ಮಾವನವರ ಅರವತ್ತು ಮತ್ತು ಗಿಂಜಾದ ಎಂಟು ಕುರ್ಚಿಗಳು

ಟೋಕಿಯೋದ ಎದೊಗಾವಾ ವಾರ್ಡಿನಲ್ಲಿ ಒಂಬತ್ತು ವರ್ಷಗಳಿಂದ ನೆಲೆಸಿರುವ, ಮೂಲತಃ ಸಾಗರದ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನನ್ನ ಪತಿ ಜಪಾನಿನವರು. ಮಾವನವರಿಗೆ ಬರುವ ನವೆಂಬರ್ 15ರ ಭಾನುವಾರ ಅರವತ್ತು ತುಂಬುತ್ತದೆ. ಅದಕ್ಕೆಂದೇ ನನ್ನ ತಂದೆತಾಯಿ ಊರಿನಿಂದ ಬರುತ್ತಿದ್ದಾರೆ. ಒಟ್ಟು ಏಳು ಜನ. ಟೋಕಿಯೋದ ದುಬಾರಿ ಬಡಾವಣೆಯಾದ ಗಿಂಜಾದಲ್ಲಿ, ಬಾಣಸಿಗನ ಎದುರು ಸಾಲಾಗಿ ಕೂತು ತಿನ್ನುವ ಹೆಸರಾಂತ ಸುಶಿ ಕೌಂಟರಿನಲ್ಲಿಯೇ ಊಟವಾಗಬೇಕೆಂದು ನಾದಿನಿಯ ಹಟ. ಅಲ್ಲಿರುವುದು ಎಂಟೇ ಕುರ್ಚಿ, ತಲೆಗೆ 35,000 ಯೆನ್. ರೈಲು ನಿಲ್ದಾಣದ ಬಳಿ ಮಾವನವರು ಇಪ್ಪತ್ತು ವರ್ಷಗಳಿಂದ ಹೋಗುತ್ತಿರುವ ಸಣ್ಣ ಅಂಗಡಿಯೇ ಸಾಕೆಂದು ಪತಿಯ ಅಭಿಪ್ರಾಯ. ಅಮ್ಮ ಮೀನು, ಮೊಟ್ಟೆ ಮುಟ್ಟುವುದಿಲ್ಲ. ಜಾಲತಾಣದಲ್ಲಿ ಗಿರಾಕಿಗಳು ಎರಡೂ ಕಡೆಗೆ ಕೊಟ್ಟ ಅಂಕಗಳನ್ನು ಪಟ್ಟಿ ಮಾಡಿ ಲಗತ್ತಿಸಿದ್ದೇನೆ. ಪಂಕ್ತಿಭೋಜನದ ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲೆ ನಿಮ್ಮನ್ನೇ ಕೇಳೋಣವೆನ್ನಿಸಿತು."

ಸಂಪಾದಕರ ಉತ್ತರ

ಪ್ರಿಯ ಸೋದರಿ,

ಪ್ರಶ್ನೆಗೆ ಬರುವ ಮುನ್ನ ಪಂಚಾಂಗವನ್ನೊಮ್ಮೆ ತೆರೆಯುತ್ತೇನೆ. ನಿಮ್ಮ ಮಾವನವರು ಹುಟ್ಟಿದ 1966ರ ನವೆಂಬರ್ ನಮ್ಮ ಲೆಕ್ಕದಲ್ಲಿ ಪರಾಭವ ಸಂವತ್ಸರ. ಅರವತ್ತರ ಸುತ್ತು ಮುಗಿಸಿ ಈ ಯುಗಾದಿಯಂದು ಕಾಲಿಟ್ಟಿರುವುದೂ ಅದೇ ಪರಾಭವ. ಜಪಾನಿನ ಹಳೆಯ ಪಂಚಾಂಗಕ್ಕೂ ಅರವತ್ತರದೇ ಸುತ್ತು. ಅವರಿಗೆ ಅದು 'ಹಿನೋಎ ಉಮಾ', ಎಂದರೆ ಬೆಂಕಿಯ ಕುದುರೆಯ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆಂಬ ಮೂಢನಂಬಿಕೆಗೆ ಅಂಜಿ ಜನರು ಮಕ್ಕಳನ್ನೇ ಬೇಡವೆಂದದ್ದರಿಂದ, 1965ರಲ್ಲಿ ಸುಮಾರು 18.2 ಲಕ್ಷವಿದ್ದ ಜನನಗಳು 1966ರಲ್ಲಿ 13.6 ಲಕ್ಷಕ್ಕೆ ಇಳಿದವು. ಎರಡು ದೇಶಗಳ ಪಂಚಾಂಗಗಳೂ ಸೇರಿ ಕೆಟ್ಟ ಹೆಸರಿಟ್ಟ ವರ್ಷದಲ್ಲಿ ಹುಟ್ಟಿ, ಒಂದು ಸುತ್ತನ್ನು ನೆಟ್ಟಗೆ ಮುಗಿಸಿದ ಮನುಷ್ಯನಿಗೆ ಒಳ್ಳೆಯ ಊಟವೊಂದು ಖಂಡಿತ ಸಲ್ಲಬೇಕು. ನಮ್ಮ ಷಷ್ಟ್ಯಬ್ದಿಯನ್ನು ಅವರು 'ಕಾನ್‌ರೆಕಿ' ಎನ್ನುತ್ತಾರೆ. ನಾವು ಯಜಮಾನರಿಂದ ಇನ್ನೊಮ್ಮೆ ತಾಳಿ ಕಟ್ಟಿಸುತ್ತೇವೆ; ಅವರು ಮನುಷ್ಯ ಮತ್ತೆ ಮಗುವಾದನೆಂದು ಕೆಂಪು ಅಂಗಿ ತೊಡಿಸುತ್ತಾರೆ.

ನಿಮ್ಮ ನಾದಿನಿಯವರ ಮಾತನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಗಿಂಜಾದ ಒಳ್ಳೆಯ ಕೌಂಟರುಗಳಲ್ಲಿ ಕಸುಬೆನ್ನುವುದು ನಿಜವಾಗಿಯೂ ಇದೆ. ಅನ್ನವು ಮೈಬಿಸಿಯ ಹದದಲ್ಲಿರುವಾಗಲೇ ಕೈಯಲ್ಲಿ ಉಂಡೆಗಟ್ಟಿ, ಒಳಗೆ ಗಾಳಿ ಉಳಿಯುವಷ್ಟೇ ಒತ್ತಿ, ಮೀನನ್ನು ಹೊದಿಸಿ ಮುಂದಿಡುವ ಆ ನಾಲ್ಕೈದು ಚಲನೆಗಳನ್ನು ಕಲಿಯಲು ವರ್ಷಗಳು ಬೇಕು. ತಂದೆಗೆ ಊರಿನಲ್ಲೇ ಉತ್ತಮವಾದದ್ದನ್ನು ಕೊಡಿಸಬೇಕೆಂಬ ಮಗಳ ಆಸೆಯಲ್ಲಿಯೂ ತಪ್ಪಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೆ ನನ್ನ ಪಕ್ಷವನ್ನು ಮುಚ್ಚಿಡುವುದಿಲ್ಲ: ನಾನು ನಿಲ್ದಾಣದ ಬಳಿಯ ಅಂಗಡಿಯ ಕಡೆ.

ಪಂಕ್ತಿಭೋಜನದ ಲೇಖನವನ್ನು ನೆನಪಿಸಿದ್ದೀರಿ. ನಮ್ಮ ಪಂಕ್ತಿಯಲ್ಲಿಯೂ ಜನ ಸಾಲಾಗಿ ಕೂರುತ್ತಾರಾದರೂ ಎದುರಿಗೆ ಇನ್ನೊಂದು ಸಾಲು ಇರುತ್ತದೆ. ಯಾರ ಎಲೆಯಲ್ಲಿ ಏನು ಮುಗಿಯಿತು, ಯಾರು ಯಾರನ್ನು ನೋಡಿ ನಕ್ಕರು ಎಂಬುದೆಲ್ಲ ಕಾಣಿಸುತ್ತದೆ. ಸುಶಿಯ ಕೌಂಟರು ಎದುರು ಸಾಲಿಲ್ಲದ ಪಂಕ್ತಿ. ಏಳು ಜನರೂ ಬಾಣಸಿಗನ ಕಡೆ ಮುಖ ಮಾಡಿ ಕೂತರೆ ಒಂದು ತುದಿಯಲ್ಲಿರುವ ನಿಮ್ಮ ತಂದೆಗೆ ಇನ್ನೊಂದು ತುದಿಯಲ್ಲಿರುವ ಬೀಗರ ಮುಖವೇ ಕಾಣದು, ನಡುವೆ ಕೂತ ನೀವು ಎರಡು ಭಾಷೆಗಳನ್ನು ಎಡಕ್ಕೂ ಬಲಕ್ಕೂ ದಾಟಿಸುತ್ತ ಊಟವನ್ನೇ ಮರೆಯುತ್ತೀರಿ. ಎಂಟನೆಯ ಕುರ್ಚಿಯಲ್ಲಿ ಕೂರುವ ಅಪರಿಚಿತರ ಪಾಡನ್ನೂ ಸ್ವಲ್ಪ ಯೋಚಿಸಿ. ಮಾವನವರ ಅಂಗಡಿಯಲ್ಲಿ ಕೌಂಟರಿನ ಹಿಂದೆ ತತಾಮಿ ಚಾಪೆ ಹಾಸಿದ ಸಣ್ಣ ಕೋಣೆಯಿದೆ ಎಂದು ಪತ್ರದ ಅಂಚಿನಲ್ಲಿ, ಏನೋ ಕೊರತೆಯನ್ನು ಹೇಳುವಂತೆ ಬರೆದಿದ್ದೀರಿ. ನನಗಂತೂ ಇಡೀ ಪತ್ರದಲ್ಲಿ ಮುಖ್ಯವೆನಿಸಿದ್ದು ಆ ಸಾಲೇ.

ಗಿಂಜಾದಲ್ಲಿ 'ಒಮಾಕಾಸೆ' ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ ಎಂದೂ ನಾದಿನಿಯವರು ಹೇಳಿದರಂತೆ. ಒಮಾಕಾಸೆ ಎಂದರೆ 'ನಿಮಗೇ ಬಿಟ್ಟಿದ್ದೇನೆ' ಎಂದು. ಈ ಮಾತನ್ನು ನಾವು ಯಾರಿಗೆ ಹೇಳುತ್ತೇವೆ? ನಮ್ಮ ನಾಲಿಗೆಯನ್ನೂ ಹೊಟ್ಟೆಯನ್ನೂ ಕಿಸೆಯನ್ನೂ ಬಲ್ಲವರಿಗೆ. ಈಗ ದುಬಾರಿ ಕೌಂಟರುಗಳಲ್ಲಿ ಅದು ಒಂದು ದರಪಟ್ಟಿಯ ಹೆಸರಾಗಿದೆ: ಎಂಟು ಜನಕ್ಕೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, ಒಂದೇ ಬಗೆಯ ತುಂಡುಗಳು. ನಿಮ್ಮ ಮಾವನವರು ಕೆಲಸ ಮುಗಿಸಿ ಬಂದು ಕೂತಾಗ ಏನನ್ನೂ ಕೇಳದೆ ಮೊದಲು 'ಕೊಹಾದಾ' ಇಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಉಪ್ಪಿನಲ್ಲಿಯೂ ವಿನೆಗರಿನಲ್ಲಿಯೂ ಹದಗೊಳಿಸಿದ ಆ ಬೆಳ್ಳಿ ಮೀನು ಅಂಗಡಿಯವನ ಕೈಯನ್ನು ಪರೀಕ್ಷಿಸುವ ಮೀನೆಂದು ಬಲ್ಲವರು ಹೇಳುತ್ತಾರೆ. ಇಪ್ಪತ್ತು ವರ್ಷಗಳಿಂದ ಅದನ್ನೇ ಮೊದಲಿಗೆ ತಿನ್ನುವವರಿಗೆ ಯಾವ ಒಮಾಕಾಸೆ ಬಾಕಿ ಉಳಿದಿದೆ?

ನಾನೂ ಒಮ್ಮೆ ಗಿಂಜಾದ ಕೌಂಟರಿನಲ್ಲಿ ಕೂತವನು. ಕರಾವಳಿಯವನಾದ್ದರಿಂದ ಮೀನಿನ ವಿಷಯದಲ್ಲಿ ನನಗೆ ಅಳುಕಿರಲಿಲ್ಲ. ಸ್ನೇಹಿತರೊಬ್ಬರು ಪ್ರೀತಿಯಿಂದ ಕರೆದೊಯ್ದಿದ್ದರು. ಒಂದು ಗಂಟೆ ಹತ್ತು ನಿಮಿಷದಲ್ಲಿ ಹದಿನೆಂಟು ತುಂಡುಗಳು ಬಂದುಹೋದವು. ಬಂಗುಡೆಯ ದಾಯಾದಿಯಾದ 'ಸಬಾ' ಬಂದಾಗ ನಮ್ಮೂರಿನ ನೆನಪಾಗಿ ಮಾತು ತೆಗೆಯಲು ಹೊರಟೆ, ಆದರೆ ಆ ನಿಶ್ಶಬ್ದದಲ್ಲಿ ಬಾಯಿ ಬರಲಿಲ್ಲ. ಪಕ್ಕದಲ್ಲಿದ್ದವರು ಒಂದೊಂದು ತುಂಡಿನದೂ ನಾಲ್ಕು ನಾಲ್ಕು ಚಿತ್ರ ತೆಗೆಯುತ್ತಿದ್ದರೆ ಬಾಣಸಿಗರು ಆರುತ್ತಿರುವ ಅನ್ನವನ್ನೇ ದಿಟ್ಟಿಸುತ್ತಿದ್ದರು. ರುಚಿ ಅದ್ಭುತವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಹೊರಗೆ ಬಂದಾಗ ಊಟ ಮುಗಿಯಿತು ಎನ್ನುವುದಕ್ಕಿಂತ ಪರೀಕ್ಷೆ ಮುಗಿಯಿತು ಎನ್ನಿಸಿತು. ಮಾರನೆಯ ದಿನ ನಾನಿದ್ದ ಬೀದಿಯದೇ ಒಂದು ಅಂಗಡಿಗೆ ಒಬ್ಬನೇ ಹೋದೆ. ಮುದುಕರೊಬ್ಬರು ಮೊಮ್ಮಗಳೊಡನೆ ಬಂದಿದ್ದರು. ಅಂಗಡಿಯಾತ ಯಾರೂ ಹೇಳದೆಯೇ ಹುಡುಗಿಗೆ ಖಾರದ ವಸಾಬಿ ಬಿಟ್ಟು ಪುಟ್ಟ ಪುಟ್ಟ ತುಂಡು ಮಾಡಿದ, ಅಜ್ಜನಿಗೆ ಅನ್ನ ಕಡಿಮೆ ಹಿಡಿದ, ನನಗೆ ಕೈಸನ್ನೆಯಲ್ಲೇ ಸೋಯಾ ಸಾಸನ್ನು ಅನ್ನಕ್ಕಲ್ಲ, ಮೀನಿನ ಬದಿಗೆ ತಾಗಿಸಬೇಕೆಂದು ಕಲಿಸಿದ. ಅಲ್ಲಿ ತಿಂದ ಮೀನುಗಳಲ್ಲಿ ಅರ್ಧದ ಹೆಸರು ಮರೆತಿದ್ದೇನೆ, ಆ ಅಂಗಡಿಯನ್ನು ಮರೆತಿಲ್ಲ.

ಸುಶಿಯ ಚರಿತ್ರೆಯೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕೈಯಲ್ಲಿ ಹಿಡಿದು ಮಾಡುವ ಇಂದಿನ ಸುಶಿಯನ್ನು 19ನೆಯ ಶತಮಾನದ ಆರಂಭದಲ್ಲಿ ಇಂದಿನ ಟೋಕಿಯೋ ಆದ ಎದೋ ನಗರದ ರ್ಯೋಗೊಕುವಿನಲ್ಲಿದ್ದ ಹನಾಯಾ ಯೋಹೇಯಿ ಎಂಬ ಬಾಣಸಿಗನ ಹೆಸರಿನೊಡನೆ ಜೋಡಿಸುತ್ತಾರೆ. ಅದು ಬೀದಿಯ ಗಾಡಿಗಳಲ್ಲಿ ನಿಂತು ಎರಡು ಮೂರು ತುಂಡು ತಿಂದು ಹೋಗುವ ತಿಂಡಿ. ಇಂದು ತಲೆಯ ಮೇಲಿಟ್ಟು ಮೆರೆಸುವ ಟ್ಯೂನಾ ಆಗ ಕೀಳು ಮೀನು. ಅದರ ಕೊಬ್ಬಿದ ಹೊಟ್ಟೆಭಾಗವನ್ನು ಬೆಕ್ಕೂ ದಾಟಿ ಹೋಗುತ್ತದೆಂದು ಹಾಸ್ಯ ಮಾಡುತ್ತಿದ್ದರು. ಅದೇ ಮೀನಿಗೆ 2019ರ ಹೊಸವರ್ಷದ ಮೊದಲ ಹರಾಜಿನಲ್ಲಿ, ಟೋಕಿಯೋದ ಮೀನಿನ ಸಗಟು ಮಾರುಕಟ್ಟೆಯಾದ ತೊಯೊಸುವಿನಲ್ಲಿ, 278 ಕಿಲೋ ತೂಕದ ಒಂದಕ್ಕೆ 33 ಕೋಟಿ 36 ಲಕ್ಷ ಯೆನ್ ಕೊಟ್ಟರು. ನನಗೆ ಇದಕ್ಕಿಂತ ಪ್ರಿಯವಾದ ಸಂಗತಿ 1947ರದು. ಯುದ್ಧಾನಂತರದ ಅಭಾವದಲ್ಲಿ ಸರ್ಕಾರ ಊಟದ ಅಂಗಡಿಗಳನ್ನು ಮುಚ್ಚಿಸಿದಾಗ ಟೋಕಿಯೋದ ಸುಶಿಯವರು, ನಾವು ಊಟ ಮಾರುವುದಿಲ್ಲ, ಗಿರಾಕಿ ತಂದ ಅಕ್ಕಿಯನ್ನು ಸುಶಿಯಾಗಿಸಿ ಕೊಟ್ಟು ಕೂಲಿ ಪಡೆಯುತ್ತೇವೆ ಎಂದು ಒಪ್ಪಿಗೆ ಪಡೆದರು. ಒಂದು 'ಗೋ' ಅಕ್ಕಿಗೆ, ಎಂದರೆ ಸುಮಾರು 180 ಮಿಲಿಲೀಟರ್ ಅಳತೆಗೆ, ಹತ್ತು ತುಂಡು. ಒಬ್ಬರ ಪಾಲು ಸುಮಾರು ಹತ್ತು ತುಂಡು ಎಂಬ ರೂಢಿ ನೆಲೆಯಾದದ್ದು ಆಗ, ಮನೆಯ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ ನೆರೆಹೊರೆಯವರಿಂದ. ಈ ಸಂಬಂಧದ ವಾರಸುದಾರರು ಗಿಂಜಾದವರಿಗಿಂತ ಹೆಚ್ಚಾಗಿ ನಿಮ್ಮ ನಿಲ್ದಾಣದ ಬಳಿಯ ಅಂಗಡಿಯವರು. ಒಂದು ಕಡೆ ಚಲಿಸುವ ಪಟ್ಟಿಯ ಮೇಲೆ ತಟ್ಟೆ ಓಡಿಸುವ ಅಗ್ಗದ ಸರಣಿ ಅಂಗಡಿಗಳು, ಇನ್ನೊಂದು ಕಡೆ, ಊಟದ ಜಾಗಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ ನಕ್ಷತ್ರ ಹೊತ್ತ ಕೌಂಟರುಗಳು. ನಡುವೆ ಇಂಥವರು ಉತ್ತರಾಧಿಕಾರಿಗಳಿಲ್ಲದೆ ಬಾಗಿಲು ಹಾಕುತ್ತಿದ್ದಾರೆ. ಅರವತ್ತರ ಊಟದಂಥ ದಿನಕ್ಕೂ ಹಳೆಯ ಗಿರಾಕಿಗಳು ಬಾರದಿದ್ದರೆ ಅವರು ಯಾರಿಗಾಗಿ ಮುಂಜಾನೆ ಎದ್ದು ಮಾರುಕಟ್ಟೆಗೆ ಹೋಗಬೇಕು?

ಇನ್ನು ನಿಮ್ಮ ಅಂಕಪಟ್ಟಿ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಲೇಬೇಕು. ಗಿಂಜಾಕ್ಕೆ 4.3, ಮಾವನವರ ಅಂಗಡಿಗೆ 3.4 ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೀರಿ. ಊಟದ ಜಾಗಗಳಿಗೆ ಗಿರಾಕಿಗಳು ಅಂಕ ಕೊಡುವ ಜಾಲತಾಣವಾದ ತಾಬೆಲೊಗ್‌ನಲ್ಲಿ 3.5 ದಾಟಿದರೇ ಒಳ್ಳೆಯ ಜಾಗವೆಂದು ಜಪಾನೀಯರು ಲೆಕ್ಕ ಹಾಕುವುದು ಒಂಬತ್ತು ವರ್ಷ ಅಲ್ಲಿದ್ದ ನಿಮಗೆ ಗೊತ್ತಿಲ್ಲದ್ದೇನಲ್ಲ; ಆ ಜಿಪುಣ ಅಳತೆಯಲ್ಲಿ 3.4 ನಾಚಿಕೆಪಡುವ ಅಂಕವಲ್ಲ. ಮಿಶೆಲಿನ್ ಕೈಪಿಡಿ 2007ರ ಕೊನೆಯಲ್ಲಿ ಟೋಕಿಯೋಗೆ ಬಂದು 150 ಜಾಗಗಳಿಗೆ 191 ನಕ್ಷತ್ರಗಳನ್ನು ಹಂಚಿತು. ಆಗ ಮೂರು ನಕ್ಷತ್ರ ಪಡೆದ ಗಿಂಜಾದ ಸುಶಿ ಅಂಗಡಿ ಸುಕಿಯಾಬಾಶಿ ಜಿರೋ 2019ರಲ್ಲಿ ಪಟ್ಟಿಯಿಂದ ಹೊರಬಿತ್ತು. ಕಾರಣ ರುಚಿ ಕೆಟ್ಟದ್ದಲ್ಲ, ಸಾಮಾನ್ಯ ಜನರು ಅಲ್ಲಿ ಜಾಗ ಕಾಯ್ದಿರಿಸುವ ದಾರಿಯೇ ಉಳಿದಿರಲಿಲ್ಲ. ಹೊಗಳಿಕೆ ಹೆಚ್ಚಿ ಹೆಚ್ಚಿ ಊಟಕ್ಕೇ ಜಾಗವಿಲ್ಲದಂತಾದ ಈ ಪ್ರಸಂಗವನ್ನು ನಾನು ಆಗಾಗ ನೆನೆಯುತ್ತೇನೆ. ನಮ್ಮಲ್ಲಿಯೂ ಈಗ ಮದುವೆಯ ಮಂಟಪವನ್ನು ಅಡುಗೆಯವರ ಕೈ ನೋಡಿ ಆರಿಸುವವರು ವಿರಳ, ಬಾಗಿಲಿನಲ್ಲಿ ಚಿತ್ರ ಹೇಗೆ ಬರುತ್ತದೆಂದು ನೋಡುವವರೇ ಹೆಚ್ಚು. ಜಾಗ ಸಿಕ್ಕಿತು ಎಂಬುದೇ ಊಟಕ್ಕಿಂತ ದೊಡ್ಡ ಸುದ್ದಿಯಾಗುವ ಈ ಕಾಲದ ಮೇಲೆ ನನಗಿರುವ ಸಿಟ್ಟನ್ನೆಲ್ಲ ನಿಮ್ಮ ನಾದಿನಿಯವರ ಮೇಲೆ ಹೊರಿಸುವುದು ನ್ಯಾಯವಲ್ಲ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಅಮ್ಮನ ಎಲೆಯ ವಿಚಾರ ಮಾತ್ರ ಗಂಭೀರವಾದದ್ದು. ಕ್ರಮ ತಪ್ಪಿಸದ ದೊಡ್ಡ ಕೌಂಟರುಗಳು ಸಸ್ಯಾಹಾರಿಗಳನ್ನು ಬಹುಮಟ್ಟಿಗೆ ಒಪ್ಪಿಕೊಳ್ಳುವುದಿಲ್ಲ. ಒಪ್ಪಿದರೂ 35,000 ಯೆನ್ ತೆತ್ತು ಸೌತೆಕಾಯಿ ಸುರುಳಿ ತಿನ್ನುವ ಸಂಕಟ ಅವರಿಗೇಕೆ? ಪರಿಚಯದ ಅಂಗಡಿಯಲ್ಲಿ ಮೊದಲೇ ಹೇಳಬಹುದು. ಸೌತೆಕಾಯಿಯ 'ಕಪ್ಪಾ ಮಾಕಿ', ಮೂಲಂಗಿ ಉಪ್ಪಿನಕಾಯಿಯ ಸುರುಳಿ ಇವಕ್ಕೆ ತೊಂದರೆ ಕಡಿಮೆ. 'ಕಾನ್‌ಪ್ಯೋ' ಎಂಬುದು ನಮ್ಮ ಸೋರೆಕಾಯಿಯ ಜಾತಿಯದನ್ನೇ ಉದ್ದುದ್ದ ಸೀಳಿ ಒಣಗಿಸಿದ್ದು. ಅಮ್ಮನಿಗೆ ಹೇಳಿದರೆ ಖುಷಿಪಟ್ಟಾರು. ಆದರೆ ಅದನ್ನೂ, 'ಇನಾರಿ'ಯ ತೋಫು ಚೀಲವನ್ನೂ ಸಾಮಾನ್ಯವಾಗಿ ಒಣಮೀನಿನ ರಸವಾದ 'ದಾಶಿ'ಯಲ್ಲಿ ಬೇಯಿಸುತ್ತಾರೆ. ಸಮುದ್ರಕಳೆಯಾದ 'ಕೊಂಬು'ವಿನ ರಸದಲ್ಲಿ ಬೇಯಿಸಿಕೊಡಿ ಎಂದು ಒಂದು ವಾರ ಮೊದಲೇ ಕೇಳಿಕೊಳ್ಳಿ. ಹುದುಗಿಸಿದ ಸೋಯಾದ 'ಮಿಸೊ' ಸಾರಿಗೂ ಇದೇ ಮಾತು.

ದಿನವನ್ನೂ ಒಂದು ದಿನ ಹಿಂದಕ್ಕೆ ಸರಿಸಿ, ಶನಿವಾರ ಸಂಜೆಗೆ ಇಟ್ಟುಕೊಳ್ಳಿ. ತೊಯೊಸು ಮಾರುಕಟ್ಟೆಗೆ ಭಾನುವಾರ ರಜೆ. ಅದಲ್ಲದೆ ನವೆಂಬರ್ 15 ಮೂರು, ಐದು, ಏಳು ವರ್ಷದ ಮಕ್ಕಳನ್ನು ದೇವಸ್ಥಾನಕ್ಕೆ ಕರೆದೊಯ್ಯುವ 'ಶಿಚಿ-ಗೋ-ಸಾನ್'. ಅಂದು ಬೀದಿಯ ಸುಶಿ ಅಂಗಡಿಗಳಿಗೆ ಮನೆಮನೆಗಳಿಂದ ದೊಡ್ಡ ಬೋಗುಣಿಗಳ ಬೇಡಿಕೆ ಬಂದಿರುತ್ತದೆ. 'ತಾಇ' ಮೀನು ಒಂದನ್ನು ಕೇಳಿ ತರಿಸಿ. ಶುಭವೆಂಬ ಅರ್ಥದ 'ಮೆದೆತಾಇ' ಪದದೊಳಗೆ ಅದರ ಹೆಸರು ಅಡಗಿರುವುದರಿಂದ ಅವರಲ್ಲಿ ಸಮಾರಂಭಕ್ಕೆ ಅದು ಬೇಕೇ ಬೇಕು. ನಾದಿನಿಯವರಿಗೆ ಬೇಸರವಾಗದಿರಲಿ: ಗಿಂಜಾದ ಅನೇಕ ಕೌಂಟರುಗಳಲ್ಲಿ ಮಧ್ಯಾಹ್ನದ ಊಟಕ್ಕೆ ರಾತ್ರಿಗಿಂತ ಕಡಿಮೆ ಬೆಲೆ. ಇನ್ನೊಂದು ದಿನ ಅಪ್ಪ ಮಗಳು ಇಬ್ಬರೇ ಹೋಗಿ ಬರಲಿ. ಇಬ್ಬರು ಅಕ್ಕಪಕ್ಕ ಕೂರಲು ಕೌಂಟರಿಗಿಂತ ಒಳ್ಳೆಯ ಜಾಗವಿಲ್ಲ.

ನಿಮ್ಮ ಅಂಕಪಟ್ಟಿಯನ್ನು ಈ ಉತ್ತರದ ಜೊತೆಗೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಅದರ ಹಿಂಬದಿ ಖಾಲಿ ಇದೆ. ಅಮ್ಮನಿಗೆ ಏನೇನು ಆಗದು ಎಂಬುದನ್ನು ಜಪಾನಿಯಲ್ಲಿ ಅದರ ಮೇಲೆ ಬರೆದು ಅಂಗಡಿಯವರ ಕೈಗೆ ಕೊಡಿ.