ಕಲ್ಲು ತೆಗೆದು ಬಿಟ್ಟ ಕೋರೆಯಲ್ಲಿ ಮತ್ತೆ ದನ ಮೇಯಿಸಬಹುದಾ?

ಮೇಯಿಸಬಹುದು. ಆದರೆ ಗಿಡ ನೆಡುವ ಮೊದಲು ಮಣ್ಣು ವಾಪಸ್ ಬರಬೇಕು.

ಉಡುಪಿ ಕಡೆಯ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಪದವುಗಳಲ್ಲಿ (ಗುಡ್ಡದ ಮೇಲಿನ ಬಯಲುಗಳಲ್ಲಿ) ಮಣ್ಣು ಇರುವುದೇ ತೆಳ್ಳಗೆ. ಹುಲ್ಲಿನ ಬೀಜ, ಬೇರು, ಗೊಬ್ಬರದ ಅಂಶ ಎಲ್ಲ ಆ ಪದರದಲ್ಲೇ. ಕೋರೆ ತೆರೆಯುವಾಗ ಅದನ್ನು ಕೆರೆದು ಬಿಸಾಡಿದರೆ ಉಳಿಯುವುದು ಬರೀ ಕಲ್ಲಿನ ಹಾಸು. ಅದರ ಮೇಲೆ ಚೆಲ್ಲಿದ ಬೀಜ ಮೊದಲ ಜೋರು ಮಳೆಗೇ ತೊಳೆದು ಹೋಗುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವುದು ಅಲ್ವಾ?

ಹಾಗಾಗಿ ಮೇಲ್ಮಣ್ಣನ್ನು ಮೊದಲೇ ಬೇರೆ ರಾಶಿ ಹಾಕಿಡಬೇಕು. ವರ್ಷಗಟ್ಟಲೆ ಹಾಗೇ ಬಿದ್ದರೆ ಅದರೊಳಗಿನ ಬೀಜ ಸಾಯುತ್ತದೆ, ತಡ ಮಾಡಬಾರದು. ಕಲ್ಲು ಮುಗಿದ ಮೇಲೆ ಕೋರೆಯ ನೆಟ್ಟಗಿನ ಗೋಡೆಯನ್ನು ಇಳಿಜಾರು ಮಾಡಿ, ಕಲ್ಲಿನ ಚೂರು ಕೆಳಗೆ, ಮಣ್ಣು ಮೇಲೆ ಹರಡಬೇಕು. ಇಳಿಜಾರಿದ್ದರೆ ಒಳಗಿಳಿದ ದನಕ್ಕೂ ಹತ್ತಿ ಬರಲು ದಾರಿ. ಊರಿನದೇ ಹುಲ್ಲು ಬೇರು ಬಿಡುವವರೆಗೆ ಒಂದೆರಡು ಮಳೆಗಾಲ ದನ ಬಿಡಬೇಡಿ.

ಸುಮ್ನೆ ಅಕೇಶಿಯಾ ನೆಟ್ಟು ‘ಹಸಿರಾಯಿತು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರ ದಪ್ಪ ತರಗೆಲೆಯ ಅಡಿಯಲ್ಲಿ ಹುಲ್ಲು ಏಳುವುದು ಕಷ್ಟ.

ಇಡೀ ಗುಂಡಿ ಮುಚ್ಚಬೇಕೆಂದೂ ಇಲ್ಲ. ಒಂದು ಮೂಲೆಯಲ್ಲಿ ಆಳವಿಲ್ಲದ ನೀರು, ಪಕ್ಕದಲ್ಲಿ ಒಂದಿಷ್ಟು ಬೋಳು ಹಾಸು ಇರಲಿ. 2016ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದ ‘ಮೈಕ್ರೊಹೈಲಾ ಲ್ಯಾಟರೈಟ್’ ಎಂಬ ಪುಟಾಣಿ ಕಪ್ಪೆ ಸಿಕ್ಕಿದ್ದು ಮಣಿಪಾಲದ ಸುತ್ತಿನ ಇಂಥದೇ ಮುರಕಲ್ಲಿನ ಜಾಗಗಳಲ್ಲಿ.