ವಾರ್ಡಿನಿಂದ ವಿಮಾ ಕಡತಗಳ ಪರಿಶೀಲನೆಗೆ
ಸಹೋದರಿ, ಬಾಗಲಕೋಟೆಯಲ್ಲಿ ಒಂಬತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿ ದುಡಿದ ತಾವು ಆರೋಗ್ಯ ವಿಮೆಯ ಕಡತಗಳನ್ನು ಪರಿಶೀಲಿಸುವ ಕೆಲಸಕ್ಕೆ ಹೋದರೆ ಆ ಅನುಭವ ವ್ಯರ್ಥವಾಗುವುದೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ರೋಗಿಯ ನಾಡಿ, ಉಸಿರಾಟ, ರಕ್ತದೊತ್ತಡಗಳನ್ನು ಗಂಟೆಗೊಮ್ಮೆ ಬರೆದಿಟ್ಟ ಕೈಗೇ ಕೇಸ್‌ಶೀಟಿನ ಒಳದನಿ ಕೇಳಿಸುತ್ತದೆ. ಇನ್ನೆರಡು ದಿನ ಐಸಿಯು ನಿಜವಾಗಿ ಅಗತ್ಯವೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ, ಮತ್ತು ಬೆಳಗಾವಿಯಲ್ಲಿ ನಾನು ಈ ದಾರಿ ಹಿಡಿದಾಗ ಕೈಹಿಡಿದದ್ದೂ ಅದೇ ಓದು.

ರಾತ್ರಿ ಪಾಳಿ ಕಡಿಮೆಯಾಗಬಹುದು. ಒತ್ತಡ ಮಾತ್ರ ಉಳಿಯುತ್ತದೆ: 2024ರ ನಿಯಮದಂತೆ ನಗದುರಹಿತ ಚಿಕಿತ್ಸೆಯ (ಆಸ್ಪತ್ರೆಗೆ ವಿಮಾ ಕಂಪನಿಯೇ ನೇರವಾಗಿ ಹಣ ಕೊಡುವ ವ್ಯವಸ್ಥೆಯ) ಕೋರಿಕೆಯನ್ನು 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಅನುಮತಿಯನ್ನು 3 ಗಂಟೆಯೊಳಗೆ ವಿಮಾ ಕಂಪನಿ ತೀರ್ಮಾನಿಸಬೇಕು. ರಾಜೀನಾಮೆ ಕೊಡುವ ಮೊದಲು ನಿಮ್ಮ ಆಸ್ಪತ್ರೆಯ ವಿಮಾ ವಿಭಾಗದಲ್ಲಿಯೇ ಕೆಲವು ತಿಂಗಳು ಕೆಲಸ ಕೇಳಿ. ತಿರಸ್ಕೃತವಾದ ಕಡತಗಳನ್ನು ಮೊದಲು ಓದಿ.