ಬಡಾವಣೆಯಲ್ಲಿ ಮಹಿಳಾ ಮತಹಬ್ಬ ಮಾಡಿದರೆ ನಿಜವಾಗಿ ಉಪಯೋಗವಿದೆಯೇ?

ಹೆಂಗಸರನ್ನು ಮತದಾನಕ್ಕೆ ಹುರಿದುಂಬಿಸುವ ಈ ಹಬ್ಬದಲ್ಲಿ ರಂಗೋಲಿ ಸ್ಪರ್ಧೆ, ಪ್ರತಿಜ್ಞೆ, ಭಾಷಣ ಮುಗಿದ ಮೇಲೆ ಉಳಿಯುವುದೇನು ಎಂದು ಕೇಳಿದ್ದೀರಿ. ಬೆಂಗಳೂರಿನ ಲಗ್ಗೆರೆ ಕಡೆ ಇಂಥ ಹಬ್ಬಗಳಲ್ಲಿ ಮೇಜು ಹಾಕಿಕೊಂಡು ಮತದಾರರ ಪಟ್ಟಿಯ ಅರ್ಜಿ ತುಂಬಿಸುವ ಕೆಲಸ ಮಾಡಿದ್ದೇನೆ. ಉಪಯೋಗ ಖಂಡಿತ ಇದೆ, ಆದರೆ ಅದು ವೇದಿಕೆಗಿಂತ ಹೆಚ್ಚಾಗಿ ಆ ಮೇಜಿನಿಂದ.

ಹೆಂಗಸರಿಗೆ ರಾಜಕೀಯದ ಅರಿವು ಕಡಿಮೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭವಿಷ್ಯನಿಧಿ ಹಣ ತೆಗೆಯಲು ಕೇಂದ್ರ ಸರ್ಕಾರ ನಿರ್ಬಂಧ ಹೇರಿದ್ದನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಬೀದಿಗಿಳಿದವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಎರಡು ದಿನ ಕಳೆಯುವಷ್ಟರಲ್ಲಿ ಆ ನಿಯಮ ವಾಪಸಾಯಿತು. ಅಂಥವರಿಗೆ ಮೈಕ್ ಹಿಡಿದು ಹಕ್ಕಿನ ಪಾಠ ಹೇಳುವ ಅಗತ್ಯವಿಲ್ಲ. ಈ ಊರಿನ ಮತದಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ತೊಂದರೆ ಇರುವುದೇ ಅಲ್ಲಿ.

ಅವರು ತರುವ ಗುರುತಿನ ಚೀಟಿಯನ್ನು ಒಮ್ಮೆ ನೋಡಿ. ಅಂಚಿನಲ್ಲಿ ಲ್ಯಾಮಿನೇಷನ್ ಬಿಟ್ಟಿರುತ್ತದೆ, ವಿಳಾಸ ಶಿರಾದ್ದೋ ಮದ್ದೂರಿನದ್ದೋ ಆಗಿರುತ್ತದೆ, ಸಂಬಂಧಿಕರ ಜಾಗದಲ್ಲಿ ಅಪ್ಪನ ಹೆಸರು. ಮದುವೆಯಾಗಿ ಬಂದು ಇಲ್ಲಿ ಎಷ್ಟೋ ಬಾಡಿಗೆ ಮನೆ ಬದಲಿಸಿದ್ದಾರೆ, ಮತ ಮಾತ್ರ ತವರಿನಲ್ಲೇ ಉಳಿದಿದೆ. ಇವರು ತುಂಬಬೇಕಾದದ್ದು ನಮೂನೆ 8, ಅಂದರೆ ವಿಳಾಸ ಬದಲಾವಣೆಯ ಅರ್ಜಿ. ಹೊಸದಾಗಿ ಸೇರುವವರ ನಮೂನೆ 6 ತುಂಬಿಸಿದರೆ ಎರಡು ಕಡೆ ಹೆಸರು ಬಂದು ತಾಪತ್ರಯವಾಗುತ್ತದೆ. ವಿಳಾಸದ ದಾಖಲೆ ತನ್ನ ಹೆಸರಿನಲ್ಲಿಲ್ಲ ಎಂದು ಹಿಂದೆ ಸರಿಯುವವರೇ ಹೆಚ್ಚು. ಗಂಡ ಅದೇ ವಿಳಾಸದಲ್ಲಿ ಮತದಾರನಾಗಿದ್ದರೆ ಅವನ ಹೆಸರಿನ ದಾಖಲೆಯೂ ನಡೆಯುತ್ತದೆ. ಇಷ್ಟು ತಿಳಿಸಿದರೆ ಎಷ್ಟೋ ಜನ ಮನೆಗೆ ಓಡಿಹೋಗಿ ಕಾಗದ ತರುತ್ತಾರೆ.

ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ. ವಾರದ ದಿನ ಮಾಡಿದರೆ ಗಾರ್ಮೆಂಟ್ಸ್‌ನವರೂ ಮನೆಗೆಲಸದವರೂ ಬರಲಾರರು. ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅಂದರೆ ಬಿಎಲ್‌ಒ ಅವರನ್ನು ಮೊದಲೇ ಕರೆಯಿರಿ. 17 ತುಂಬಿದ ಹುಡುಗಿಯರೂ ಮುಂಗಡವಾಗಿ ಅರ್ಜಿ ಹಾಕಬಹುದು, ಕಾಲೇಜುಗಳಿಗೆ ಹೇಳಿಕಳುಹಿಸಿ.

ವೇದಿಕೆ ಬೇಡವೆಂದಲ್ಲ. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದ ಮಹಿಳೆಯರು ಹತ್ತೇ ಮಂದಿ. ಆದರೆ 2015ರ ಬೆಂಗಳೂರು ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ವಾರ್ಡ್‌ಗಳು ಮಹಿಳೆಯರಿಗೆ ಮೀಸಲಾಗಿದ್ದವು. ಮೀಸಲಾತಿ ಬಂದಾಗ ಪಕ್ಷದವರು ಯಾವುದೋ ಮುಖಂಡನ ಹೆಂಡತಿಯನ್ನು ಹುಡುಕಿಕೊಂಡು ಹೋಗುವುದು ನನಗೆ ಬಹಳ ನೋವಿನ ಸಂಗತಿ. ಆದ್ದರಿಂದ ಅತಿಥಿಗಳ ಭಾಷಣ ಕಡಿಮೆ ಮಾಡಿ, ನೀರು, ಕಸ, ಬೀದಿದೀಪದ ಬಗ್ಗೆ ಆಯಾ ಬೀದಿಯ ಹೆಂಗಸರೇ ಮಾತನಾಡಲಿ. ಯಾರು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಾರೋ ಅವರನ್ನು ಗುರುತಿಟ್ಟುಕೊಳ್ಳಿ, ಮುಂದಿನ ವಾರ್ಡ್ ಚುನಾವಣೆಗೆ ನಿಲ್ಲುವಂತೆ ಅವರ ಮನೆಗೇ ಹೋಗಿ ಕೇಳಿ.